ಎಲ್‌ಎಸ್‌ಡಿ ಸವೆದಿದೆಯೇ? ಗೇರ್‌ಬಾಕ್ಸ್ ಇಳಿಸುವ ಮೊದಲು ಅಳೆದು ನೋಡುವ ಕ್ರಮ

ದೂರು ಬಹುತೇಕ ಒಂದೇ ಬಗೆಯದಾಗಿರುತ್ತದೆ. ಟ್ರ್ಯಾಕಿನ ನಿಧಾನದ ತಿರುವಿನಿಂದ ಹೊರಬರುತ್ತ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನಿನ ಸದ್ದು ಏರುತ್ತದೆ, ಕಾರಿನ ವೇಗ ಮಾತ್ರ ಏರುವುದಿಲ್ಲ. ಒಳಬದಿಯ ಚಕ್ರ ಕಿರುಚುತ್ತ ತನ್ನಷ್ಟಕ್ಕೆ ಸುತ್ತುತ್ತದೆ, ಕಾರಿನ ಮೂತಿ ಹೊರಬದಿಗೆ ತೆವಳುತ್ತದೆ. ಅದೇ ಕಾರನ್ನು ಮೊದಲ ಮಳೆ ಬಿದ್ದ ದಿನ ದೇವರಾಯನದುರ್ಗದ ಏರುರಸ್ತೆಗೆ ಒಯ್ದರೆ, ಮರಳು ಹರಡಿದ ಮೊದಲ ತಿರುವಿನಲ್ಲಿಯೇ, ಯಾವ ಅವಸರವೂ ಇಲ್ಲದೆ ಎರಡನೆಯ ಗೇರಿನಲ್ಲಿ ಹತ್ತುತ್ತಿರುವಾಗಲೇ, ಈ ಲಕ್ಷಣ ಕಾಣಿಸಿಕೊಳ್ಳುತ್ತದೆ. ಜೊತೆಗಿದ್ದವರು ಕೂಡಲೇ "ಎಲ್‌ಎಸ್‌ಡಿ ಹೋಯಿತು" ಎಂದು ತೀರ್ಪು ಕೊಡುತ್ತಾರೆ. ಡಿಫರೆನ್ಷಿಯಲ್ ಎಂದರೆ ತಿರುವಿನಲ್ಲಿ ಎರಡು ಚಾಲನಾ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ; ಎಲ್‌ಎಸ್‌ಡಿ, ಅಂದರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಒಂದೇ ಚಕ್ರ ವ್ಯರ್ಥವಾಗಿ ಸುತ್ತದಂತೆ ತಡೆಯುವ ಅದರ ಒಂದು ಬಗೆ. ಆ ತೀರ್ಪು ನಿಜವಿರಬಹುದು. ಆದರೆ ಮುಂಚಕ್ರಗಳಿಗೆ ಚಾಲನೆಯಿರುವ ಕಾರಿನಲ್ಲಿ ಡಿಫರೆನ್ಷಿಯಲ್ ಗೇರ್‌ಬಾಕ್ಸಿನ ಒಳಗೇ ಕೂತಿರುವುದರಿಂದ, ಅದನ್ನು ಕಣ್ಣಿನಿಂದ ನೋಡಬೇಕೆಂದರೂ ಇಡೀ ಗೇರ್‌ಬಾಕ್ಸ್ ಕೆಳಗಿಳಿಯಬೇಕಾಗುತ್ತದೆ. ಅಷ್ಟು ಕೆಲಸಕ್ಕೆ ಕೈ ಹಾಕುವ ಮುನ್ನ ಟಾರ್ಕ್ ವ್ರೆಂಚ್ (ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಅಳೆಯುವ ಪಾನಾ) ಏನು ಹೇಳುತ್ತದೆಂದು ಕೇಳುವುದು ಒಳ್ಳೆಯದು.

ಇಲ್ಲಿ ವಿವರಿಸುವ ಕ್ರಮವನ್ನು ನಾನು ನನ್ನ ಹಳೆಯ 1500 ಸಿಸಿ ಪೆಟ್ರೋಲ್ ಸೆಡಾನಿನ ಮೇಲೆ, ಅಂತರಸನಹಳ್ಳಿಯ ಒಂದು ಗ್ಯಾರೇಜಿನಲ್ಲಿ, ಒಮ್ಮೆ ತಪ್ಪಾಗಿಯೂ ಆಮೇಲೆ ಸರಿಯಾಗಿಯೂ ಮಾಡಿದ್ದೇನೆ. ಈ ಕಾರು ವಾರವಿಡೀ ತುಮಕೂರಿನ ರಸ್ತೆಗಳಲ್ಲಿ ಓಡುತ್ತದೆ. ವರ್ಷಕ್ಕೆ ಎರಡು ಮೂರು ಬಾರಿ ಬೆಂಗಳೂರು, ಕೋಲಾರ, ಮುಳಬಾಗಿಲು ದಾಟಿ, ತನ್ನದೇ ಚಕ್ರಗಳ ಮೇಲೆ, ಚೆನ್ನೈ ಹತ್ತಿರದ ಇರುಂಗಾಟುಕೋಟೆಯ ಟ್ರ್ಯಾಕಿಗೆ ಹೋಗಿ ಅದೇ ದಾರಿಯಲ್ಲಿ ಮರಳುತ್ತದೆ. ಹಿಂದಿನ ಮಾಲೀಕರು ಇದಕ್ಕೆ ಪ್ಲೇಟ್ ಬಗೆಯ ಎಲ್‌ಎಸ್‌ಡಿ ಹಾಕಿಸಿದ್ದರು.

ದೋಷ ಹುಡುಕುವವರಿಗೆ ಒಳಗಿನ ಕೆಲಸ ಇಷ್ಟಾದರೂ ಗೊತ್ತಿರಬೇಕು. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಸಮನಾದ ಟಾರ್ಕ್ ಕೊಡುತ್ತದೆ. ಆದ್ದರಿಂದ ಹಿಡಿತ ಕಡಿಮೆಯಿರುವ ಚಕ್ರ ಎಷ್ಟನ್ನು ತಡೆದುಕೊಳ್ಳಬಲ್ಲದೋ ಅಷ್ಟೇ ಇನ್ನೊಂದಕ್ಕೂ ದಕ್ಕುತ್ತದೆ. ಪ್ಲೇಟ್ ಬಗೆಯ ಎಲ್‌ಎಸ್‌ಡಿಯಲ್ಲಿ ಒಂದು ಬಿಟ್ಟು ಒಂದರಂತೆ ಜೋಡಿಸಿದ ಉಕ್ಕಿನ ಬಿಲ್ಲೆಗಳು, ಅಂದರೆ ಪ್ಲೇಟುಗಳು, ಇರುತ್ತವೆ. ಅರ್ಧದಷ್ಟು ಚಕ್ರದ ಶಾಫ್ಟನ್ನು ತಿರುಗಿಸುವ ಸೈಡ್ ಗೇರಿಗೂ ಉಳಿದರ್ಧ ಹೊರಗಿನ ಪೆಟ್ಟಿಗೆಗೂ ಕಚ್ಚಿಕೊಂಡಿರುತ್ತವೆ. ಈ ಬಿಲ್ಲೆಗಳನ್ನು ಒತ್ತುವ ಬಲ ಎರಡು ಕಡೆಯಿಂದ ಬರುತ್ತದೆ. ಮೊದಲನೆಯದು ಸ್ಪ್ರಿಂಗಿನ ಒತ್ತಡ, ಅಂದರೆ ಪ್ರಿಲೋಡ್. ಇದು ಆಕ್ಸಿಲರೇಟರ್ ಒತ್ತಿದರೂ ಬಿಟ್ಟರೂ ಸದಾ ಇರುತ್ತದೆ. ಎರಡನೆಯದು ಇಳಿಜಾರು ಕೊರೆದ ಒತ್ತುಬಳೆಗಳಿಂದ ಬರುವುದು. ಎಂಜಿನ್ ಎಳೆದಷ್ಟೂ ನಡುವಿನ ಅಡ್ಡಪಿನ್ ಆ ಇಳಿಜಾರನ್ನು ಏರಿ ಬಳೆಗಳನ್ನು ಹೊರಕ್ಕೆ ತಳ್ಳುತ್ತದೆ, ಬಿಲ್ಲೆಗಳು ಇನ್ನಷ್ಟು ಬಿಗಿಯಾಗುತ್ತವೆ. ಸ್ಪ್ರಿಂಗು ಸೋತಿರುವುದು ಒಂದು ದೋಷ, ಇಳಿಜಾರೋ ಬಿಲ್ಲೆಗಳೋ ಸವೆದಿರುವುದು ಇನ್ನೊಂದು ದೋಷ. ಎರಡಕ್ಕೂ ಹೊರಗಿನ ಲಕ್ಷಣ ಒಂದೇ ಆಗಿರುವುದರಿಂದ ಒಂದೇ ಪರೀಕ್ಷೆ ಮಾಡಿ ನಿರ್ಧಾರಕ್ಕೆ ಬರುವವರು ಬಹಳ.

ಮೊದಲು ಹೊರಗಿನ ಕಾರಣಗಳು

ಟೈರುಗಳಿಂದ ಆರಂಭಿಸಬೇಕು. ಎರಡು ಚಾಲನಾ ಚಕ್ರಗಳ ಟೈರುಗಳು ಒಂದೇ ಅಳತೆಯವು ಎಂದು ಬದಿಯಲ್ಲಿ ಅಚ್ಚಾಗಿದ್ದರೆ ಸಾಲದು, ಸವೆತವೂ ಒಂದೇ ಸಮನಾಗಿರಬೇಕು. ಪಂಕ್ಚರಾಗಿ ಹಾಳಾದ ಒಂದೇ ಟೈರನ್ನು ಹೊಸದಾಗಿ ಕೊಳ್ಳುವ ರೂಢಿ ನಮ್ಮಲ್ಲಿದೆ. ಎಲ್‌ಎಸ್‌ಡಿ ಇರುವ ಕಾರಿಗೆ ಆ ಉಳಿತಾಯ ದುಬಾರಿಯಾಗುತ್ತದೆ. 600 ಮಿ.ಮೀ. ವ್ಯಾಸದ ಹೊಸ ಟೈರಿನ ಎದುರು 4 ಮಿ.ಮೀ. ಗೀರು ಸವೆದ ಹಳೆಯ ಟೈರು ಇದ್ದರೆ ಅದರ ವ್ಯಾಸ 592 ಮಿ.ಮೀ. ಆಯಿತು. ತುಮಕೂರಿನಿಂದ ಬೆಂಗಳೂರಿಗಿರುವ ಸುಮಾರು 70 ಕಿ.ಮೀ. ನೇರ ಹೆದ್ದಾರಿಯಲ್ಲಿ ಸಣ್ಣ ಚಕ್ರ ದೊಡ್ಡದಕ್ಕಿಂತ ಸುಮಾರು 500 ಸುತ್ತು ಹೆಚ್ಚು ತಿರುಗಬೇಕು. ಒಂದು ತಿರುವನ್ನೂ ತೆಗೆದುಕೊಳ್ಳದೆ ಪ್ಲೇಟುಗಳು ದಾರಿಯುದ್ದಕ್ಕೂ ಉಜ್ಜಿಕೊಂಡೇ ಹೋಗುತ್ತವೆ. ನನ್ನ ಕಾರಿನಲ್ಲಿ ಎಡಗಡೆಯ ಟೈರು ಬಲಗಡೆಯದಕ್ಕಿಂತ ಎಂಟು ತಿಂಗಳು ಹಳೆಯದಾಗಿತ್ತು. ಸೀಮೆಸುಣ್ಣದಿಂದ ಟೈರಿನ ಮೇಲೊಂದು ಗುರುತು ಮಾಡಿ, ಗಾಳಿಯನ್ನು ಸಮ ಮಾಡಿ, ಕಾರನ್ನು ಸಪಾಟು ನೆಲದಲ್ಲಿ ನೇರವಾಗಿ ತಳ್ಳಿ, ಐದು ಸುತ್ತಿಗೆ ಪ್ರತಿ ಚಕ್ರ ಎಷ್ಟು ದೂರ ಸಾಗುತ್ತದೆಂದು ಟೇಪಿನಲ್ಲಿ ಅಳೆದರೆ ವ್ಯತ್ಯಾಸ ಎದ್ದು ಕಾಣುತ್ತದೆ.

ಎರಡನೆಯದು ಸಸ್ಪೆನ್ಷನ್. ಮುಂಭಾಗಕ್ಕೆ ದಪ್ಪನೆಯ ಆಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸರಳು) ಹಾಕಿಸಿದ ಮೇಲೆ ದೂರು ಶುರುವಾಗಿದ್ದರೆ ಡಿಫರೆನ್ಷಿಯಲನ್ನು ಮುಟ್ಟಬೇಕಾಗಿಲ್ಲ. ಆ ಬಾರು ತಿರುವಿನಲ್ಲಿ ಒಳಬದಿಯ ಮುಂಚಕ್ರವನ್ನು ನೆಲದಿಂದ ಮೇಲಕ್ಕೆತ್ತಲು ನೋಡುತ್ತದೆ. ಭಾರವಿಲ್ಲದ ಚಕ್ರ ಸುತ್ತದೆ ಇನ್ನೇನು ಮಾಡೀತು? ಮುಂಚಕ್ರ ಚಾಲನೆಯ ಕಾರಿನಲ್ಲಿ ಹಿಂದಿನ ಬಾರನ್ನು ಗಟ್ಟಿಗೊಳಿಸಿ ಮುಂದಿನದನ್ನು ಸಡಿಲಿಸುವುದೇ ಸರಿಯಾದ ದಾರಿ.

ಶಬ್ದಗಳ ವಿಚಾರದಲ್ಲಿಯೂ ಗೊಂದಲವಿದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಎಳೆದಾಗ ಚಕ್ರದ ವೇಗಕ್ಕೆ ತಕ್ಕಂತೆ ಬರುವ ಟಕ್ ಟಕ್ ಸದ್ದು ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟಿನದು. ಗೇರ್ ಹಾಕಿ ಬಿಟ್ಟಾಗ ಒಮ್ಮೆ ಬರುವ ಧಡ್ ಎಂಬ ಸದ್ದು ಹೆಚ್ಚಾಗಿ ಎಂಜಿನ್ ಮೌಂಟಿನದು. ಪಾರ್ಕಿಂಗ್ ಜಾಗದಲ್ಲಿ ನಿಧಾನವಾಗಿ ಕಾರು ತಿರುಗಿಸುವಾಗ ಪಾದದ ಕೆಳಗಿನ ತಗಡೇ ನಡುಗಿದಂತೆ ಬರುವ ಕಟಕಟ ಪ್ಲೇಟುಗಳದು. ಆದರೆ ಅದು ಸವೆತದ ಗುರುತಲ್ಲ. ಎಣ್ಣೆ ಹಳತಾಗಿರುವುದರ ಅಥವಾ ತಪ್ಪು ಎಣ್ಣೆ ಹಾಕಿರುವುದರ ಗುರುತು. ಪ್ಲೇಟುಗಳು ಇನ್ನೂ ಕಚ್ಚುತ್ತಿವೆ ಎಂಬುದಕ್ಕೆ ಅದೇ ಸಾಕ್ಷಿ. ಮುಂಚೆ ಕಟಕಟ ಎನ್ನುತ್ತಿದ್ದ ಎಲ್‌ಎಸ್‌ಡಿ ಎಣ್ಣೆ ಬದಲಿಸದೆಯೂ ತಾನಾಗಿಯೇ ಮೌನವಾಗಿದ್ದರೆ ಆಗ ಸಂಶಯಪಡಬೇಕು.

ಅಳೆಯುವುದು

ಮೊದಲೊಂದು ಎಚ್ಚರಿಕೆ. ಎಲ್‌ಎಸ್‌ಡಿ ಇರುವ ಕಾರಿನ ಒಂದೇ ಚಕ್ರವನ್ನು ಎತ್ತಿ, ಎಂಜಿನ್ ಚಾಲೂ ಮಾಡಿ, ಗೇರ್ ಹಾಕಬಾರದು. ನೆಲದ ಮೇಲಿರುವ ಚಕ್ರಕ್ಕೂ ಚಾಲನೆ ಸಿಕ್ಕಿ ಕಾರು ಜಾಕಿಯಿಂದ ಜಿಗಿದು ಓಡಬಹುದು. ಕೆಳಗಿನ ಪರೀಕ್ಷೆಗಳಲ್ಲಿ ಎಂಜಿನ್ ಬಂದಾಗಿರಬೇಕು, ಕಾರು ಜಾಕಿಯ ಮೇಲಲ್ಲದೆ ಸ್ಟ್ಯಾಂಡಿನ ಮೇಲೆ ನಿಂತಿರಬೇಕು, ಹಿಂದಿನ ಚಕ್ರಗಳಿಗೆ ಎರಡೂ ಬದಿ ಕಟ್ಟೆ ಕೊಟ್ಟಿರಬೇಕು.

ಕೈಪರೀಕ್ಷೆ ಎಲ್ಲರಿಗೂ ಗೊತ್ತಿರುವಂಥದು: ಎರಡೂ ಮುಂಚಕ್ರಗಳನ್ನು ಎತ್ತಿ, ನ್ಯೂಟ್ರಲಿನಲ್ಲಿ ಒಂದನ್ನು ಕೈಯಿಂದ ಸುತ್ತಿದರೆ, ಜೀವವಿರುವ ಪ್ಲೇಟ್ ಎಲ್‌ಎಸ್‌ಡಿಯಲ್ಲಿ ಇನ್ನೊಂದೂ ಅದೇ ದಿಕ್ಕಿಗೆ ಸುತ್ತುತ್ತದೆ, ಪ್ರಿಲೋಡ್ ಸತ್ತಿದ್ದರೆ ವಿರುದ್ಧ ದಿಕ್ಕಿಗೆ ಸುತ್ತುತ್ತದೆ ಅಥವಾ ಸುಮ್ಮನಿರುತ್ತದೆ. ಇದರಿಂದ ಇದೆ, ಇಲ್ಲ ಎಂಬುದಷ್ಟೇ ತಿಳಿಯುತ್ತದೆ; ಎಷ್ಟಿದೆ ಎಂಬುದು ತಿಳಿಯುವುದಿಲ್ಲ.

ಎಷ್ಟಿದೆ ಎಂದು ತಿಳಿಯಲು ಒಂದು ಚಕ್ರವನ್ನು ನೆಲದ ಮೇಲೆ ಬಿಟ್ಟು, ಇನ್ನೊಂದನ್ನು ಎತ್ತಿ ಬಿಚ್ಚಿ, ಗೇರ್ ನ್ಯೂಟ್ರಲಿನಲ್ಲಿಟ್ಟು, ಚಕ್ರ ಕೂರುವ ಹಬ್ಬಿನ ನಡುವಿನಿಂದ ಟಾರ್ಕ್ ವ್ರೆಂಚಿನಲ್ಲಿ ತಿರುಗಿಸಬೇಕು. ಡ್ರೈವ್ ಶಾಫ್ಟಿನ ನಡುವಿನ ನಟ್ಟಿಗೇ ಸಾಕೆಟ್ ಹಾಕಿ ತಿರುಗಿಸುವವರಿದ್ದಾರೆ. ಬಿಗಿಯುವ ದಿಕ್ಕಿಗೆ ಮಾತ್ರ ತಿರುಗಿಸಿದರೆ ಅದೂ ನಡೆಯುತ್ತದೆ. ನಾನು ಲೇತ್ ಅಂಗಡಿಯಲ್ಲಿ ನಾಲ್ಕು ಸ್ಟಡ್‌ಗಳಿಗೆ ಕೂರುವ ಒಂದು ದಪ್ಪ ಪಟ್ಟಿ ಮಾಡಿಸಿ, ಅದರ ಸರಿಯಾಗಿ ನಡುವಿಗೆ ಒಂದು ನಟ್ಟು ಬೆಸೆಸಿಕೊಂಡೆ. ವ್ರೆಂಚ್ ಮುಳ್ಳಿನದಾಗಿರಬೇಕು, ಟಿಕ್ಕೆನ್ನುವ ಬಗೆಯದು ಈ ಕೆಲಸಕ್ಕೆ ಬಾರದು. ಏಕೆಂದರೆ ಬೇಕಾದದ್ದು ಮೊದಲ ಬಾರಿ ಕಿತ್ತುಕೊಂಡಾಗಿನ ಅಳತೆಯಲ್ಲ, ಹಬ್ಬು ನಿಧಾನವಾಗಿ ಒಂದೇ ಸಮನೆ ತಿರುಗುತ್ತಿರುವಾಗ ಮುಳ್ಳು ಎಲ್ಲಿ ನಿಂತಿರುತ್ತದೆ ಎಂಬ ಅಳತೆ.

ನಾನು ಎಡವಿದ್ದು ಇಲ್ಲಿ. ಮೊದಲ ದಿನ 46 ನ್ಯೂಟನ್ ಮೀಟರ್ ಬಂತು. ಹಿಂದಿನ ಮಾಲೀಕರು ಜೋಪಾನವಾಗಿಟ್ಟಿದ್ದ ತಯಾರಕರ ಹಾಳೆಯಲ್ಲಿ ಕನಿಷ್ಠ 49 ಎಂದಿತ್ತು. ಇಷ್ಟು ಕಡಿಮೆಯಾದರೆ ಚಿಂತೆಯಿಲ್ಲ ಎಂದು ಹಬ್ಬು ಮುಚ್ಚಲು ಹೊರಟಿದ್ದೆ. ಪಕ್ಕದ ಕಾರಿನ ಕೆಳಗೆ ಮಲಗಿದ್ದ ಮೇಸ್ತ್ರಿ ಅಲ್ಲಿಂದಲೇ, "ಸಾರ್, ಕ್ಯಾಲಿಪರ್ ತೆಗೆದ್ರಾ?" ಎಂದು ಕೇಳಿದರು. ತೆಗೆದಿರಲಿಲ್ಲ. ಬ್ರೇಕ್ ಪ್ಯಾಡುಗಳನ್ನು ಹಿಡಿದಿರುವ ಆ ಕ್ಯಾಲಿಪರ್ ಬಿಚ್ಚಿ, ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ, ಮತ್ತೆ ಅಳೆದಾಗ ಬಂದದ್ದು 21. ಉಳಿದದ್ದೆಲ್ಲ ಬ್ರೇಕ್ ಪ್ಯಾಡಿನ ಉಜ್ಜಾಟ. ಸಂಜೆ ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆ ಓಡಿಸಿ, ಎಣ್ಣೆ ಬಿಸಿಯಿರುವಾಗಲೇ ಅಳೆದರೆ ಅದು 14ಕ್ಕೆ ಇಳಿದಿತ್ತು. ತಯಾರಕರು ಯಾವ ಸ್ಥಿತಿಯ ಅಳತೆ ಕೊಟ್ಟಿದ್ದಾರೋ ಆ ಸ್ಥಿತಿಯಲ್ಲಿಯೇ ಹೋಲಿಸಬೇಕು; ಸಾಮಾನ್ಯವಾಗಿ ಅದು ತಣ್ಣಗಿರುವಾಗಿನದು. ಬಿಸಿಯ ಅಳತೆ ಟ್ರ್ಯಾಕಿನ ಮೇಲೆ ನಿಜವಾಗಿ ನಮಗೆ ದಕ್ಕುವುದೆಷ್ಟು ಎಂದು ತಿಳಿಸುತ್ತದೆ.

ಈ ಅಂಕಿಗಳ ಅರ್ಥವನ್ನು ಕಿಲೋಗಳಲ್ಲಿ ಹೇಳಿದರೆ ಮನಸ್ಸಿಗೆ ಹತ್ತುತ್ತದೆ. ಒಂದು ಚಕ್ರ ಪೂರ್ತಿ ಗಾಳಿಯಲ್ಲಿದ್ದಾಗ ನೆಲದ ಮೇಲಿನ ಚಕ್ರಕ್ಕೆ ಪ್ರಿಲೋಡಿನಿಂದ ಸಿಗುವ ಟಾರ್ಕ್ ಈ ಅಳತೆಯ ಸುಮಾರು ಎರಡರಷ್ಟು. ಅಂದರೆ 21 ಬಂದರೆ 42 ನ್ಯೂಟನ್ ಮೀಟರ್. ಚಕ್ರದ ತ್ರಿಜ್ಯ 30 ಸೆಂ.ಮೀ. ಎಂದಿಟ್ಟುಕೊಂಡರೆ ಟೈರು ರಸ್ತೆಯನ್ನು ತಳ್ಳುವ ಬಲ 14 ಕಿಲೋ ತೂಕದಷ್ಟು. ಒಂದು ಟನ್ ಕಾರನ್ನು ತಿರುವಿನಿಂದ ಎಳೆದು ತರಲು ಇದು ಏನೇನೂ ಸಾಲದು. ಕಾರ್ಖಾನೆಯಿಂದ ಬರುವ ರಸ್ತೆ ಕಾರುಗಳ ಮಿತಿಗಳೂ ದೊಡ್ಡವಲ್ಲ. ಫೋರ್ಡಿನ ಟ್ರಾಕ್ಷನ್ ಲಾಕಿಗೆ ಕೈಪಿಡಿ ಹೇಳುವ ಕನಿಷ್ಠ 27 ನ್ಯೂಟನ್ ಮೀಟರ್. ಆದ್ದರಿಂದ ಪ್ರಿಲೋಡ್ ಕುಸಿದ ಮಾತ್ರಕ್ಕೆ ಎಲ್‌ಎಸ್‌ಡಿ ಸತ್ತಿತು ಎನ್ನಲಾಗದು. ದೊಡ್ಡ ಕೆಲಸ ಮಾಡುವುದು ಇಳಿಜಾರು. ಅದನ್ನು ಎಂಜಿನ್ನಿನ ಎಳೆತದಲ್ಲಿಯೇ ಪರೀಕ್ಷಿಸಬೇಕು.

ಇದಕ್ಕೆ ಜನರೂ ವಾಹನಗಳೂ ಇಲ್ಲದ ಖಾಸಗಿ ಅಂಗಳ ಬೇಕು. ದೇವರಾಯನದುರ್ಗದ ರಸ್ತೆ ಇದಕ್ಕೆ ತಕ್ಕ ಜಾಗವಲ್ಲ. ಅಲ್ಲಿ ತಿರುವಿನಾಚೆ ಕೋತಿಗಳ ಹಿಂಡು, ಅದಕ್ಕೆ ಬಾಳೆಹಣ್ಣು ಕೊಡಲು ನಿಂತ ಸಂಸಾರ ಯಾವಾಗಲೂ ಇರುತ್ತದೆ. ನಾನು ಪರಿಚಿತರೊಬ್ಬರ ಗೋದಾಮಿನ ಸಿಮೆಂಟ್ ಅಂಗಳ ಬಳಸಿಕೊಂಡೆ. ಒಂದು ಮುಂಚಕ್ರ ಒಣ ಸಿಮೆಂಟಿನ ಮೇಲೆ, ಇನ್ನೊಂದು ದಪ್ಪಗೆ ಹರಡಿ ನೀರು ಚೆಲ್ಲಿದ ಸಣ್ಣ ಮರಳಿನ ಮೇಲೆ ಬರುವಂತೆ ಕಾರು ನಿಲ್ಲಿಸಬೇಕು. ಮೊದಲನೆಯ ಗೇರಿನಲ್ಲಿ ಮೆಲ್ಲಗೆ ಎಳೆದಾಗ ಮರಳಿನ ಚಕ್ರ ಮಾತ್ರ ಸುತ್ತಿದರೆ ಪ್ರಿಲೋಡ್ ಹೋಗಿದೆ ಎಂಬುದು ಖಚಿತ. ಈಗ ಆಕ್ಸಿಲರೇಟರನ್ನು ಹಾಗೆಯೇ ಹಿಡಿದು ಎಡಗಾಲಿನಿಂದ ಬ್ರೇಕನ್ನು ಹಗುರವಾಗಿ ಮುಟ್ಟಬೇಕು. ಇಳಿಜಾರೂ ಬಿಲ್ಲೆಗಳೂ ಚೆನ್ನಾಗಿದ್ದರೆ ಕಾರು ಮುಂದಕ್ಕೆ ಚಲಿಸುತ್ತದೆ: ಬ್ರೇಕು ಸುತ್ತುವ ಚಕ್ರಕ್ಕೆ ತಡೆ ಒಡ್ಡುತ್ತದೆ, ಆ ತಡೆಯಿಂದ ಎಂಜಿನ್ನಿಗೆ ಎಳೆಯಲು ಆಧಾರ ಸಿಗುತ್ತದೆ, ಎಳೆತದಿಂದ ಬಳೆಗಳು ಬಿಲ್ಲೆಗಳನ್ನು ಒತ್ತುತ್ತವೆ. ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಹೀಗಾಗುವುದಿಲ್ಲ. ಬ್ರೇಕಿನಿಂದ ಒಂದು ಚಕ್ರಕ್ಕೆ ದೊರೆತ ಲಾಭವನ್ನು ಇನ್ನೊಂದು ಚಕ್ರದ ಬ್ರೇಕು ತಿಂದುಹಾಕುತ್ತದೆ. ಬ್ರೇಕ್ ಮುಟ್ಟಿದರೂ ಕಾರು ಕದಲದಿದ್ದರೆ ಇಳಿಜಾರಿನಲ್ಲಿಯೋ ಬಿಲ್ಲೆಗಳಲ್ಲಿಯೋ ದೋಷವಿದೆ, ಗೇರ್‌ಬಾಕ್ಸ್ ಇಳಿಯಲೇಬೇಕು. ಎಲೆಕ್ಟ್ರಾನಿಕ್ ಟ್ರಾಕ್ಷನ್ ಕಂಟ್ರೋಲ್ ಇರುವ ಕಾರಿನಲ್ಲಿ ಅದನ್ನು ಆರಿಸಿಯೇ ಈ ಪರೀಕ್ಷೆ ಮಾಡಬೇಕು, ಇಲ್ಲವಾದರೆ ಅದು ತಾನೇ ಬ್ರೇಕ್ ಹಿಡಿದು ಕಣ್ಣಿಗೆ ಮಣ್ಣೆರಚುತ್ತದೆ. ನನ್ನ ಕಾರು ಕದಲಲಿಲ್ಲ.

ಬಿಚ್ಚಿದಾಗ

ಎಣ್ಣೆ ಇಳಿಸುವಾಗ ಡ್ರೈನ್ ಪ್ಲಗ್ಗಿನ ಅಯಸ್ಕಾಂತವನ್ನು ಬೆರಳಿಗೆ ಹಚ್ಚಿಕೊಂಡು ನೋಡಬೇಕು. ಬೂದು ಬಣ್ಣದ ನುಣ್ಣನೆಯ ಮುದ್ದೆ ಸಹಜ. ಉಗುರಿಗೆ ಸಿಗುವ ಚೂರುಗಳು ಸಹಜವಲ್ಲ. ಬಿಲ್ಲೆಗಳ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಪ್ರತಿಯೊಂದರ ನಾಲ್ಕು ಕಡೆ ಅಳೆಯಬೇಕು, ಗಾಜಿನ ಮೇಲಿಟ್ಟು ಸೊಟ್ಟಗಾಗಿವೆಯೇ ಎಂದು ನೋಡಬೇಕು, ಬಿಸಿಗೆ ನೀಲಿಗಟ್ಟಿದ ಬಿಲ್ಲೆ ಕೆಟ್ಟಿತೆಂದೇ ಲೆಕ್ಕ, ಅದನ್ನು ಅಳೆಯುವ ಅಗತ್ಯವೇ ಇಲ್ಲ. ಬಿಲ್ಲೆಗಳೂ ಸ್ಪ್ರಿಂಗುಗಳೂ ಮಾತ್ರ ಸೋತಿದ್ದರೆ ಹೊಸ ಸೆಟ್ಟು ಹಾಕಿ, ಬಿಲ್ಲೆಗಳ ದಪ್ಪ ಮತ್ತು ಜೋಡಣೆಯ ಕ್ರಮ ಬದಲಿಸಿ ಮೊದಲಿನ ಬಿಗಿ ತರಬಹುದು. ಅದೇ ಅಗ್ಗದ ದಾರಿ, ಸಾಧ್ಯವಿದ್ದಲ್ಲಿ ಅದನ್ನೇ ಮಾಡಬೇಕು.

ಕಡೆಯದಾಗಿ ನೋಡಬೇಕಾದದ್ದು ಒತ್ತುಬಳೆಗಳ ಇಳಿಜಾರು ಮತ್ತು ಅಡ್ಡಪಿನ್ನಿನ ಚಪ್ಪಟೆ ಮುಖ. ನನ್ನ ಬಳೆಗಳಲ್ಲಿ ಎಳೆತದ ಬದಿಯ ಇಳಿಜಾರಿನ ಮೇಲೆ ಪಿನ್ನು ಕೂರುವ ಜಾಗದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ತಗ್ಗು ಬಿದ್ದಿತ್ತು. ಪಿನ್ನು ಆ ತಗ್ಗಿನಲ್ಲಿ ಕುಳಿತುಬಿಟ್ಟರೆ ಇಳಿಜಾರನ್ನು ಏರುವುದಿಲ್ಲ. ಹೊಸ ಬಿಲ್ಲೆ ಹಾಕಿದರೆ ಪ್ರಿಲೋಡ್ ಅಳತೆ ಚೆನ್ನಾಗಿ ಬರುತ್ತದೆ, ಕೈಪರೀಕ್ಷೆ ಪಾಸಾಗುತ್ತದೆ, ಟ್ರ್ಯಾಕಿನಲ್ಲಿ ದೂರು ಮಾತ್ರ ಹಾಗೆಯೇ ಉಳಿಯುತ್ತದೆ. ಬಳೆಗಳನ್ನು ಉಜ್ಜಿಸಿ ಸಮಮಾಡಲು ಹೋಗಬಾರದು. ಮೇಲ್ಮೈಯ ಗಟ್ಟಿ ಪದರ ಹೋದರೆ ಅವು ಎರಡನೆಯ ಬಾರಿ ಇನ್ನೂ ಬೇಗ ತಗ್ಗಾಗುತ್ತವೆ.

ಬದಲಿಗೆ ಏನು ಹಾಕುವುದು

ಪ್ಲೇಟ್ ಬಗೆಯದನ್ನೇ ಮತ್ತೆ ಹಾಕುವುದಾದರೆ ಮುಂಚಕ್ರ ಚಾಲನೆಯ ರಸ್ತೆ ಕಾರಿಗೆ ಒನ್ ವೇ (ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬಿಗಿಯುವುದು), ಹೆಚ್ಚೆಂದರೆ ಒಂದೂವರೆ ವೇ (ಬಿಟ್ಟಾಗಲೂ ಒಂದಿಷ್ಟು ಬಿಗಿಯುವುದು) ಸಾಕು. ಟೂ ವೇ ಎಂಬುದು ಆಕ್ಸಿಲರೇಟರ್ ಬಿಟ್ಟಾಗಲೂ ಅಷ್ಟೇ ಬಿಗಿಯುತ್ತದೆ; ತಿರುವಿಗೆ ಇಳಿಯುವ ಹೊತ್ತಿನಲ್ಲಿ ಕಾರು ನೇರಕ್ಕೆ ಹೋಗಲು ಹಟ ಹಿಡಿಯುತ್ತದೆ, ಮಳೆಯಲ್ಲಿ ಅದು ಅಪಾಯ. ಮಣ್ಣಿನ ಆಟೋಕ್ರಾಸಿನಲ್ಲಿ ಓಡಿಸುವವರಿಗೆ, ಚಕ್ರ ಪದೇ ಪದೇ ನೆಲ ಬಿಡುವುದರಿಂದ, ಪ್ಲೇಟ್ ಬಗೆಯದೇ ಸರಿ.

ನನ್ನಂತೆ ವರ್ಷದ ಬಹುಪಾಲು ಡಾಂಬರು ರಸ್ತೆಯಲ್ಲಿ ಓಡಿಸಿ, ಕೆಲವು ದಿನ ನುಣ್ಣನೆಯ ಟ್ರ್ಯಾಕಿಗೆ ಹೋಗುವವರಿಗೆ ಹೆಲಿಕಲ್ ಗೇರಿನ ಬಗೆಯೇ ಮೇಲು ಎಂಬುದು ನನ್ನ ನಿಶ್ಚಿತ ಅಭಿಪ್ರಾಯ. ಕ್ವೈಫ್, ಟಾರ್ಸನ್ ಹೆಸರಿನಲ್ಲಿ ಸಿಗುವವು ಈ ಜಾತಿಯವು. ಇವುಗಳಲ್ಲಿ ಸವೆಯುವ ಬಿಲ್ಲೆಗಳಿಲ್ಲ. ಓರೆ ಹಲ್ಲಿನ ಗೇರುಗಳು ಎಳೆತದಲ್ಲಿ ಪೆಟ್ಟಿಗೆಯ ಗೋಡೆಗೆ ಒತ್ತಿ ಉಜ್ಜುವುದರಿಂದಲೇ ಹಿಡಿತ ಹುಟ್ಟುತ್ತದೆ. ಸದ್ದಿಲ್ಲ, ಪಾರ್ಕಿಂಗಿನಲ್ಲಿ ಕಟಕಟವಿಲ್ಲ, ಸ್ಟೀರಿಂಗಿನ ಜಗ್ಗಾಟ ಕಡಿಮೆ. ಕೊರತೆ ಒಂದೇ: ಇದು ಗುಣಾಕಾರ ಮಾಡುವ ಯಂತ್ರ. ಅನುಪಾತ 2.5 ಎಂದಿದ್ದರೆ ಹಿಡಿತ ಕಡಿಮೆಯಿರುವ ಚಕ್ರ ತಡೆದುಕೊಳ್ಳುವುದರ ಎರಡೂವರೆ ಪಟ್ಟನ್ನು ಇನ್ನೊಂದಕ್ಕೆ ಕೊಡಬಲ್ಲದು; ಒಂದು ಚಕ್ರ ಗಾಳಿಯಲ್ಲಿದ್ದು ಸೊನ್ನೆಯಾದರೆ ಸೊನ್ನೆಯ ಎರಡೂವರೆ ಪಟ್ಟು ಸೊನ್ನೆಯೇ. ಮುಂಚಕ್ರ ಚಾಲನೆಯ ಕಾರು ತಿರುವಿನಲ್ಲಿ ಸಾಮಾನ್ಯವಾಗಿ ಎತ್ತುವುದು ಒಳಬದಿಯ ಹಿಂಚಕ್ರವನ್ನು, ಮುಂಚಕ್ರವನ್ನಲ್ಲ. ಹಾಗಾಗಿ ಈ ಕೊರತೆ ಅಷ್ಟಾಗಿ ಕಾಡುವುದಿಲ್ಲ. ಸಿಲಿಕೋನ್ ದ್ರವ ತುಂಬಿದ ವಿಸ್ಕಸ್ ಬಗೆಯದನ್ನು ಯಾರಾದರೂ ಅಗ್ಗವಾಗಿ ಕೊಡುತ್ತೇನೆಂದರೆ ಬೇಡ ಎನ್ನಬೇಕು. ದ್ರವ ಹಳತಾದರೆ ಅದನ್ನು ರಿಪೇರಿ ಮಾಡಲು ಬರುವುದಿಲ್ಲ.

ಕೂರಿಸುವಾಗ ಹೊಸ ಪೆಟ್ಟಿಗೆಯ ಅಳತೆ ಹಳೆಯದರ ಹಾಗೆಯೇ ಇದೆ ಎಂದು ನಂಬಬಾರದು. ಬೇರಿಂಗುಗಳನ್ನು ಹೊಸದಾಗಿ ಹಾಕಿ, ಸುತ್ತಿಗೆಯಿಂದ ಬಡಿಯದೆ ಪ್ರೆಸ್ಸಿನಲ್ಲಿ ಒತ್ತಿಸಿ, ಶಿಮ್ (ಸಂದಿ ತುಂಬುವ ತೆಳು ಲೋಹದ ಬಳೆ) ಬದಲಿಸುತ್ತ ಬೇರಿಂಗಿನ ಬಿಗಿಯನ್ನು ಕಾರಿನ ಕೈಪಿಡಿಯ ಅಂಕಿಗೆ ತರಬೇಕು. ಇದಕ್ಕೆ ಗೇರ್‌ಬಾಕ್ಸನ್ನು ಎರಡು ಮೂರು ಸಲ ಮುಚ್ಚಿ ಬಿಚ್ಚಬೇಕಾಗುತ್ತದೆ. ಈ ಬೇಸರ ತಪ್ಪಿಸಿಕೊಳ್ಳಲು ಹಳೆಯ ಶಿಮ್ಮನ್ನೇ ಹಾಕಿ ಮುಚ್ಚಿದ ಗೇರ್‌ಬಾಕ್ಸುಗಳು ಕೆಲವೇ ತಿಂಗಳಲ್ಲಿ ಗುಂಯ್‌ಗುಡುತ್ತ ವಾಪಸು ಬರುತ್ತವೆ. ಡಿಫರೆನ್ಷಿಯಲ್ ಪೆಟ್ಟಿಗೆಯನ್ನು ತಿರುಗಿಸುವ ದೊಡ್ಡ ಕ್ರೌನ್ ಗೇರಿನ ಬೋಲ್ಟುಗಳು ಹೊಸವಾಗಿರಲಿ, ಲಾಕ್ ಮಾಡುವ ಅಂಟು ಹಚ್ಚಿ ಎದುರುಬದುರಾಗಿ ಹಂತಹಂತವಾಗಿ ಬಿಗಿಯಲಿ. ಹಳೆಯ ಕಾರುಗಳಲ್ಲಿ ಸ್ಪೀಡೋಮೀಟರ್ ತಿರುಗಿಸುವ ಗೇರು ಡಿಫರೆನ್ಷಿಯಲ್ ಪೆಟ್ಟಿಗೆಯ ಮೇಲೆಯೇ ಇರುವುದುಂಟು. ಹಳೆಯದರಿಂದ ತೆಗೆದು ಹೊಸದಕ್ಕೆ ಹಾಕಲು ಮರೆತರೆ ಎಲ್ಲ ಮುಚ್ಚಿ ರಸ್ತೆಗಿಳಿದ ಮೇಲೆ ಮುಳ್ಳು ಸೊನ್ನೆಯಲ್ಲಿ ಮಲಗಿರುತ್ತದೆ.

ಎಣ್ಣೆಯ ಬಗ್ಗೆ ಒಂದು ಮಾತು. ಹಿಂದಿನ ಆಕ್ಸಲ್ ಪೆಟ್ಟಿಗೆಗೆ ಹಾಕುವ ಜಿಎಲ್-5 ಎಣ್ಣೆಯನ್ನು ಕಣ್ಣುಮುಚ್ಚಿ ಇಲ್ಲಿಗೂ ಹಾಕಬಾರದು. ಮುಂಚಕ್ರ ಚಾಲನೆಯಲ್ಲಿ ಗೇರಿಗೂ ಡಿಫರೆನ್ಷಿಯಲ್‌ಗೂ ಒಂದೇ ಎಣ್ಣೆ. ಜಿಎಲ್-5 ಎಣ್ಣೆಯಲ್ಲಿರುವ ಗಂಧಕ ಮತ್ತು ರಂಜಕದ ಸೇರ್ಪಡೆಗಳು ಗೇರ್ ಸಲೀಸಾಗಿ ಬದಲಾಗಲು ನೆರವಾಗುವ ಹಿತ್ತಾಳೆಯ ಸಿಂಕ್ರೋ ಬಳೆಗಳಿಗೆ ಆಗಿಬರುವುದಿಲ್ಲ. ಪ್ಲೇಟ್ ಎಲ್‌ಎಸ್‌ಡಿಯ ಕಟಕಟ ತಡೆಯಲು ಬೆರೆಸುವ ಜಾರುದ್ರವ್ಯವೂ ಸಿಂಕ್ರೋಗಳನ್ನು ಜಾರಿಸಿ ಗೇರ್ ಬದಲಿಸುವಾಗ ಕರಕರ ಎನ್ನಿಸುತ್ತದೆ. ಹೆಲಿಕಲ್‌ಗೆ ಜಾರುದ್ರವ್ಯವೇ ಬೇಡ. ಗೇರ್‌ಬಾಕ್ಸಿನ ತಯಾರಕರು ಹೇಳಿದ ಎಣ್ಣೆ ಹಾಕಿ, 500 ಕಿ.ಮೀ. ಆದ ಮೇಲೆ ಒಮ್ಮೆ ಬದಲಿಸಿದೆ.

ಹೊಸದನ್ನು ಹಾಕಿದ ಮೇಲೆ ಹಳೆಯ ಅಭ್ಯಾಸಬಲದಿಂದ ವ್ರೆಂಚ್ ಹಿಡಿದರೆ ಗಾಬರಿಯಾಗುತ್ತದೆ. ಪ್ರಿಲೋಡ್ ಇಲ್ಲದ ಹೆಲಿಕಲ್‌ನಲ್ಲಿ ಹಬ್ಬು ಬರಿಗೈಯಲ್ಲಿ ತಿರುಗುತ್ತದೆ, ಇನ್ನೊಂದು ಚಕ್ರ ವಿರುದ್ಧ ದಿಕ್ಕಿಗೆ ಸುತ್ತುತ್ತದೆ, ಅದು ದೋಷವಲ್ಲ. ಇದಕ್ಕೆ ಸಲ್ಲುವುದು ಮರಳಿನ ಪರೀಕ್ಷೆಯೊಂದೇ. ಅದೇ ಗೋದಾಮಿನ ಅಂಗಳದಲ್ಲಿ, ಜೊತೆಯಲ್ಲಿ ಕೊಂಡ ಎರಡು ಟೈರುಗಳ ಮೇಲೆ, ಬ್ರೇಕನ್ನು ಒಂದಿಷ್ಟು ಮುಟ್ಟಿದ ಕೂಡಲೇ ಕಾರು ಮರಳಿನಿಂದ ಎದ್ದು ಹೊರಟಿತು. ಟ್ರ್ಯಾಕಿನಲ್ಲಿ ಈಗ ಒಳಬದಿಯ ಚಕ್ರ ಸುತ್ತುವುದು, ತಿರುವಿನ ಅಂಚುಗಟ್ಟೆಯ ಮೇಲೆ ಹತ್ತಿಸಿ ಅದನ್ನು ನೆಲದಿಂದ ಎತ್ತಿಸಿದಾಗ ಮಾತ್ರ. ಅಲ್ಲಿಯೂ ಎಡಗಾಲಿನ ಅದೇ ಹಗುರ ಸ್ಪರ್ಶ ಸಾಕಾಗುತ್ತದೆ, ಇಲ್ಲವಾದರೆ ಅಂಚುಗಟ್ಟೆಯನ್ನು ಬಿಟ್ಟು ಒಂದು ಅಡಿ ಹೊರಗೆ ಓಡಿಸಬೇಕು.